ಕೊಡಗಿನಲ್ಲಿ ಸಣ್ಣ ಉದ್ಯಮ: ಯಾವ ಪ್ರಶ್ನೆಗೆ ಯಾವ ಕಚೇರಿ?

ಉದ್ಯಮ ಶುರು ಮಾಡಬೇಕೆಂದು ಹೊರಟವರ ಬಾಯಲ್ಲಿ ಮೊದಲು ಬರುವ ಮಾತು ‘ಸಬ್ಸಿಡಿ ಎಷ್ಟು ಸಿಗುತ್ತೆ?’ ಎನ್ನುವುದು. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಸಬ್ಸಿಡಿ ಲೆಕ್ಕಕ್ಕೆ ಬರುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೂ ಮೊದಲು ಸಾಲ ಮಂಜೂರಾಗಬೇಕು. ಸಾಲಕ್ಕೆ ಯೋಜನಾ ವರದಿ ಬೇಕು. ವರದಿಯಲ್ಲಿ ಬರೆದದ್ದು ನಿಜವಾಗಬೇಕಾದರೆ ಆ ಕೆಲಸ ನಮಗೆ ಗೊತ್ತಿರಬೇಕು. ಈ ಕ್ರಮವನ್ನು ತಿರುವುಮುರುವು ಮಾಡಿಕೊಂಡವರೇ ಕಚೇರಿಯಿಂದ ಕಚೇರಿಗೆ ಅಲೆದು, ಕೊನೆಗೆ ‘ಇದೆಲ್ಲ ನಮ್ಮಂಥವರಿಗಲ್ಲ’ ಎಂದು ಕೈಬಿಡುತ್ತಾರೆ. ಅದನ್ನು ನೋಡಿದಾಗ ನಿಜಕ್ಕೂ ಹೊಟ್ಟೆ ಉರಿಯುತ್ತದೆ, ಏಕೆಂದರೆ ಇವೆಲ್ಲ ಅವರಿಗೆಂದೇ ಮಾಡಿದ ವ್ಯವಸ್ಥೆಗಳು.

ಕೊಡಗಿನಲ್ಲಿ ನೆರವು ಇದೆ, ಆದರೆ ಒಂದೇ ಕಡೆ ಇಲ್ಲ. ಕಲಿಸುವವರು ಗೋಣಿಕೊಪ್ಪದಲ್ಲಿ, ಚೆಟ್ಟಳ್ಳಿಯಲ್ಲಿ. ಅರ್ಜಿ ತೆಗೆದುಕೊಳ್ಳುವವರು ಮಡಿಕೇರಿಯಲ್ಲಿ. ಸಾಲ ಕೊಡುವುದು ನಿಮ್ಮೂರಿನ ಬ್ಯಾಂಕ್. ಕೈಗಾರಿಕಾ ಪ್ರದೇಶ ಇರುವುದು ಕುಶಾಲನಗರದ ಪಕ್ಕದ ಕೂಡ್ಲೂರಿನಲ್ಲಿ. ಕುಟ್ಟದಿಂದಲೋ ಭಾಗಮಂಡಲದ ಆಚೆಯ ಹಳ್ಳಿಯಿಂದಲೋ ಮಡಿಕೇರಿಗೆ ಹೋಗಿ ಬರುವಷ್ಟರಲ್ಲಿ ಒಂದು ದಿನದ ಕೆಲಸ ಕೆಟ್ಟಿರುತ್ತದೆ. ಆದ್ದರಿಂದ ಏನನ್ನು ಯಾರ ಹತ್ತಿರ ಕೇಳಬೇಕು ಎನ್ನುವುದು ಬಸ್ ಹತ್ತುವ ಮೊದಲೇ ತಿಳಿದಿರಬೇಕು.

ಅರ್ಥವಾಗಲಿ ಎಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಾಪೋಕ್ಲು ಕಡೆಯ ಒಬ್ಬ ಗೃಹಿಣಿ. ಮನೆಗೆ ಎರಡು ಎಕರೆ ಕಾಫಿ ಇದೆ. ಇಷ್ಟು ವರ್ಷ ಚೆರಿಯನ್ನು (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮೂಟೆಗಟ್ಟಿ ವ್ಯಾಪಾರಿಗೆ ಹಾಕಿದ್ದಾಯಿತು, ಇನ್ನು ಮೇಲೆ ಹುರಿದು, ಪುಡಿ ಮಾಡಿ, ತಮ್ಮದೇ ಹೆಸರಿನಲ್ಲಿ ಮಾರಬೇಕು ಎಂಬುದು ಅವರ ಆಸೆ. ನೀವು ಮಾಡಬೇಕೆಂದಿರುವುದು ಕಾಚಂಪುಳಿಯೋ (ಅಡುಗೆಗೆ ಬಳಸುವ ಹುಳಿರಸ), ಜೇನೋ, ಚಾಕೊಲೇಟೋ ಆಗಿದ್ದರೂ ದಾರಿ ಹೆಚ್ಚುಕಮ್ಮಿ ಇದೇ.

ಮೊದಲು ಕಲಿಕೆ

ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ ಮತ್ತು ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ, ಎರಡೂ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಸೇರಿದವು. ಹಣ್ಣು, ಸಂಬಾರ ಬೆಳೆ, ಜೇನು, ಅಣಬೆ ಇವುಗಳ ಬಗ್ಗೆ ಏನೇ ಸಂಶಯವಿದ್ದರೂ ಮೊದಲು ಹೋಗಬೇಕಾದ ಜಾಗ ಇವು. ಕಾಫಿಗೆ ಕಾಫಿ ಮಂಡಳಿ ಇದೆ. ಚೆಟ್ಟಳ್ಳಿಯಲ್ಲಿ ಅದರ ಸಂಶೋಧನಾ ಉಪಕೇಂದ್ರ 1946ರಿಂದ ನಡೆಯುತ್ತಿದೆ. ಹುರಿಯುವುದು, ರುಚಿ ನೋಡಿ ದರ್ಜೆ ಗುರುತಿಸುವುದು ಇವನ್ನು ಕಲಿಯಲು ಮಂಡಳಿ ಬೆಂಗಳೂರಿನಲ್ಲಿ ‘ಕಾಪಿ ಶಾಸ್ತ್ರ’ ಎಂಬ ತರಬೇತಿ ನಡೆಸುತ್ತದೆ. ಲಕ್ಷಗಟ್ಟಲೆ ಕೊಟ್ಟು ರೋಸ್ಟರ್ ತರುವ ಮೊದಲು ಅಲ್ಲಿ ಕೆಲವು ದಿನ ಕಳೆಯುವುದು ಎಲ್ಲ ರೀತಿಯಲ್ಲೂ ಲಾಭ. ಜೇನಿನವರಿಗೆ ಭಾಗಮಂಡಲದಲ್ಲಿ ತೋಟಗಾರಿಕೆ ಇಲಾಖೆಯ ತರಬೇತಿ ಕೇಂದ್ರವಿದೆ.

ಇವೆಲ್ಲ ಕಸುಬು ಕಲಿಸುತ್ತವೆ. ವ್ಯವಹಾರ ಕಲಿಸುವುದು ಆರ್‌ಸೆಟಿ, ಅಂದರೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ 1982ರಲ್ಲಿ ಉಜಿರೆಯಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್‌ಗಳ ಜೊತೆಗೂಡಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯನ್ನೇ ಕೇಂದ್ರ ಸರ್ಕಾರ ಆಮೇಲೆ ದೇಶಕ್ಕೆಲ್ಲ ವಿಸ್ತರಿಸಿತು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಲೆಕ್ಕ ಬರೆಯುವುದು, ಬೆಲೆ ಕಟ್ಟುವುದು, ಬ್ಯಾಂಕಿನವರ ಜೊತೆ ಮಾತಾಡುವುದು ಅಲ್ಲಿಯ ಪಾಠ. ಅಲ್ಲಿನ ಪ್ರಮಾಣಪತ್ರ ಮುಂದೆ ಸಾಲದ ಅರ್ಜಿಗೂ ಉಪಯೋಗಕ್ಕೆ ಬರುತ್ತದೆ.

ಒಂದು ಮೂಟೆ ಚೆರಿಯ ಲೆಕ್ಕ

ಯೋಜನಾ ವರದಿ ಎಂದ ಕೂಡಲೇ ಜನ ಹೆದರಿ, ಸಿಕ್ಕವರಿಗೆ ದುಡ್ಡು ಕೊಟ್ಟು ಬರೆಸುತ್ತಾರೆ. ಆ ವರದಿಗಳಲ್ಲಿ ಎಷ್ಟೋ ಬೇರೆ ಜಿಲ್ಲೆಯ ಯಾವುದೋ ಘಟಕದ್ದನ್ನು ಹೆಸರು ಬದಲಿಸಿ ಇಳಿಸಿದವು. ವರ್ಷಕ್ಕೆ 300 ದಿನ ಕೆಲಸ, ತಿಂಗಳು ತಿಂಗಳು ಒಂದೇ ಮಾರಾಟ ಎಂದು ಅವುಗಳಲ್ಲಿ ಬರೆದಿರುತ್ತದೆ. ಕೊಡಗಿನಲ್ಲಿ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ನೋಡಿದವರು ಯಾರೂ ಹಾಗೆ ಬರೆಯುವುದಿಲ್ಲ.

ವರದಿಯ ಹೃದಯ ಭಾಗವನ್ನು ನೀವೇ ಬರೆಯಬಹುದು. ನಮ್ಮ ಉದಾಹರಣೆಯದ್ದನ್ನೇ ನೋಡಿ. ರೊಬಸ್ಟಾ ಚೆರಿ 50 ಕಿಲೋದ ಮೂಟೆ ಲೆಕ್ಕದಲ್ಲಿ ವ್ಯಾಪಾರವಾಗುತ್ತದೆ. ಔಟ್‌ಟರ್ನ್ 27 ಎಂದರೆ ಆ ಮೂಟೆಯಿಂದ 27 ಕಿಲೋ ಬೇಳೆ. ಹುರಿಯುವಾಗ ತೇವಾಂಶ ಹೋಗಿ ತೂಕ ಶೇ 15ರಿಂದ 20ರಷ್ಟು ಇಳಿಯುತ್ತದೆ. ಅಂದರೆ ಒಂದು ಮೂಟೆ ಚೆರಿಯಿಂದ ಕೊನೆಗೆ ಕೈಗೆ ಬರುವುದು ಸುಮಾರು 22 ಕಿಲೋ ಪುಡಿ. ಈಗ ಆ ದಿನದ ಮೂಟೆ ಬೆಲೆಯನ್ನು 22ರಿಂದ ಭಾಗಿಸಿ. ಅದಕ್ಕೆ ಹಲ್ಲಿಂಗ್ (ಸಿಪ್ಪೆ ಬಿಡಿಸುವ) ಕೂಲಿ, ಕರೆಂಟ್ ಅಥವಾ ಗ್ಯಾಸ್, ಪ್ಯಾಕೆಟ್, ಸಾಗಾಟ, ಅಂಗಡಿಯವರ ಕಮಿಷನ್ ಸೇರಿಸಿ. ಬಂದದ್ದು ಒಂದು ಕಿಲೋ ಪುಡಿಯ ಅಸಲು. ನಿಮ್ಮದೇ ತೋಟದ ಕಾಫಿ ಎಂದು ಮೂಟೆ ಬೆಲೆಯನ್ನು ಬಿಟ್ಟು ಲೆಕ್ಕ ಹಾಕಬೇಡಿ. ಮಾರಿದ್ದರೆ ಸಿಗುತ್ತಿದ್ದ ಹಣ ಅದು.

ಇನ್ನು ಸಮಯದ ಲೆಕ್ಕ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ, ರೊಬಸ್ಟಾ ಜನವರಿಯ ಮೇಲೆ. ವರ್ಷಕ್ಕೆ ಬೇಕಾದ ಚೆರಿಯನ್ನು ಆ ಕೆಲವೇ ತಿಂಗಳಲ್ಲಿ ಎತ್ತಿಡಬೇಕು, ಹಣ ಒಂದೇ ಸಲ ಹೊರಗೆ ಹೋಗುತ್ತದೆ. ಮಾರಾಟ ಜಾಸ್ತಿಯಾಗುವುದು ಪ್ರವಾಸಿಗರು ಬರುವ ದಸರಾದಿಂದ ಹೊಸ ವರ್ಷದವರೆಗೆ ಮತ್ತು ಬೇಸಿಗೆ ರಜೆಯಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ರಸ್ತೆಯೇ ಇರುತ್ತದೋ ಇಲ್ಲವೋ ಎಂಬ ಆತಂಕ. 2018ರ ಮಳೆ ಯಾರಿಗೂ ಮರೆತಿಲ್ಲ. ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ, ಗಾಳಿಯ ತೇವಕ್ಕೆ ತೆರೆದಿಟ್ಟ ಪುಡಿ ಗಂಟುಕಟ್ಟುತ್ತದೆ. ಹಾಗಾಗಿ ಯಂತ್ರಕ್ಕೆ ಮಾತ್ರ ಸಾಲ ಕೇಳಿ ಸುಮ್ಮನಾದರೆ ಮೊದಲ ಮಳೆಗಾಲದಲ್ಲೇ ಕಂತು ಕಟ್ಟಲು ಪರದಾಡಬೇಕಾಗುತ್ತದೆ. ದುಡಿಯುವ ಬಂಡವಾಳವನ್ನೂ, ಅಂದರೆ ಚೆರಿ ಕೊಳ್ಳಲು ಮತ್ತು ದಿನದ ಖರ್ಚಿಗೆ ಬೇಕಾದ ಹಣವನ್ನೂ, ವರದಿಯಲ್ಲಿ ಸೇರಿಸಿ. ಕಂತು ಯಾವ ತಿಂಗಳಿನಿಂದ ಶುರು ಎಂಬುದನ್ನು ಸಹಿ ಹಾಕುವ ಮೊದಲೇ ಮ್ಯಾನೇಜರ್ ಹತ್ತಿರ ಮಾತಾಡಿ. ತಿಂಗಳುವಾರು ಆದಾಯದ ಪಟ್ಟಿ ನಿಮ್ಮ ಕೈಲಿದ್ದರೆ ಆ ಮಾತಿಗೆ ತೂಕ ಬರುತ್ತದೆ.

ಎರಡು ಯೋಜನೆ, ಒಂದೇ ಘಟಕ

ಈಗ ಸಬ್ಸಿಡಿಯ ಮಾತಿಗೆ ಬರೋಣ. ಕಾಫಿ ಪುಡಿಯಂಥ ಘಟಕಕ್ಕೆ ಮುಖ್ಯವಾಗಿ ಎರಡು ಬಾಗಿಲು.

ಒಂದು ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ. ಮಡಿಕೇರಿಯ ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ಖಾದಿ ಮಂಡಳಿಯ ಮೂಲಕ ಅರ್ಜಿ. ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿವರೆಗಿನ ಯೋಜನೆ ಹಾಕಬಹುದು. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಅಂಗವಿಕಲರು ಮತ್ತು ಮಾಜಿ ಸೈನಿಕರಿಗೆ ಶೇ 35 ಸಬ್ಸಿಡಿ. ಮಾಜಿ ಸೈನಿಕರು ಎಂಬ ಮಾತನ್ನು ಕೊಡಗಿನವರು ಇನ್ನೊಮ್ಮೆ ಓದಿಕೊಳ್ಳಿ. ಸೇನೆಯಿಂದ ನಿವೃತ್ತರಾಗಿ ಬಂದವರು ಮನೆಮನೆಯಲ್ಲೂ ಇರುವ ಜಿಲ್ಲೆ ಇದು. ಆದರೂ ಈ ರಿಯಾಯಿತಿ ತಮಗಿದೆ ಎಂದು ತಿಳಿಯದೆ ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕುವವರಿದ್ದಾರೆ.

ಇನ್ನೊಂದು ಪಿಎಂಎಫ್‌ಎಂಇ, 2020ರ ಜೂನ್‌ನಲ್ಲಿ ಶುರುವಾದ ಕಿರು ಆಹಾರ ಸಂಸ್ಕರಣಾ ಯೋಜನೆ. ರಾಜ್ಯದಲ್ಲಿ ಇದರ ಹೊಣೆ ಕೆಪೆಕ್ (ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು) ನಿಗಮದ್ದು, ಜಿಲ್ಲೆಯಲ್ಲಿ ಕೃಷಿ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿಯದ್ದು. ‘ಒಂದು ಜಿಲ್ಲೆ ಒಂದು ಉತ್ಪನ್ನ’ದಲ್ಲಿ ಕೊಡಗಿಗೆ ಸಿಕ್ಕಿರುವುದು ಕಾಫಿ. ಕೇಂದ್ರದ ಸಬ್ಸಿಡಿ ಶೇ 35, ಗರಿಷ್ಠ 10 ಲಕ್ಷ. ಕರ್ನಾಟಕ ಸರ್ಕಾರ ಅದರ ಮೇಲೆ ಶೇ 15 ಸೇರಿಸಿ ಒಟ್ಟು ಶೇ 50, ಗರಿಷ್ಠ 15 ಲಕ್ಷದವರೆಗೆ ಕೊಡುತ್ತ ಬಂದಿದೆ. ಅರ್ಜಿ, ವರದಿ, ಬ್ಯಾಂಕ್ ಓಡಾಟ ಎಲ್ಲಕ್ಕೂ ಜೊತೆ ನಿಲ್ಲಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಅವರ ಸಂಭಾವನೆಯನ್ನು ಸರ್ಕಾರವೇ ಕೊಡುತ್ತದೆ, ನೀವು ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಇಷ್ಟು ಒಳ್ಳೆಯ ಸೌಲಭ್ಯದ ಬಗ್ಗೆ ಇಷ್ಟು ಕಡಿಮೆ ಜನರಿಗೆ ಗೊತ್ತಿರುವುದು ಬೇಸರದ ಸಂಗತಿ.

ನಮ್ಮ ಗೃಹಿಣಿಯ ಘಟಕಕ್ಕೆ 10 ಲಕ್ಷ ಬೇಕು ಎಂದಿಟ್ಟುಕೊಳ್ಳಿ. ಪಿಎಂಇಜಿಪಿಯಲ್ಲಿ ಮಹಿಳೆಯಾದ್ದರಿಂದ ಕೈಯಿಂದ ಹಾಕಬೇಕಾದ್ದು ಶೇ 5, ಅಂದರೆ 50 ಸಾವಿರ. ಉಳಿದ ಒಂಬತ್ತೂವರೆ ಲಕ್ಷ ಬ್ಯಾಂಕ್ ಕೊಡುತ್ತದೆ. ಸಬ್ಸಿಡಿ ಮೂರೂವರೆ ಲಕ್ಷ. ಪಿಎಂಎಫ್‌ಎಂಇಯಲ್ಲಿ ಕೈಯಿಂದ ಶೇ 10, ಅಂದರೆ 1 ಲಕ್ಷ. ಸಾಲ 9 ಲಕ್ಷ. ಸಬ್ಸಿಡಿ ರಾಜ್ಯದ್ದೂ ಸೇರಿ 5 ಲಕ್ಷ. ಕೈಯಲ್ಲಿ ಹಣ ಕಡಿಮೆ ಇದ್ದರೆ ಮೊದಲನೆಯದು ಹಗುರ, ಒಂದು ಲಕ್ಷ ಹೊಂದಿಸಲು ಆಗುವುದಾದರೆ ಎರಡನೆಯದು ಲಾಭ. ಪಿಎಂಇಜಿಪಿಯ ಮೊದಲ ಸಾಲ ಹೊಸ ಘಟಕಕ್ಕೆ ಮಾತ್ರ. ಈಗಾಗಲೇ ಮನೆಯಲ್ಲಿ ಉಪ್ಪಿನಕಾಯಿಯನ್ನೋ ಜಾಮನ್ನೋ ಮಾಡಿ ಮಾರುತ್ತಿರುವವರು ಅದನ್ನು ದೊಡ್ಡದು ಮಾಡಲು ಪಿಎಂಎಫ್‌ಎಂಇಗೇ ಹೋಗಬೇಕು. ಕಾಫಿ ತೋಟ ಮಾಡುವುದಕ್ಕೆ ಪಿಎಂಇಜಿಪಿ ಸಿಗದು, ಕಾಫಿಯನ್ನು ಪುಡಿ ಮಾಡುವುದಕ್ಕೆ ಸಿಗುತ್ತದೆ. ಒಂದೇ ಘಟಕಕ್ಕೆ ಎರಡೂ ಕಡೆ ಸಬ್ಸಿಡಿ ಪಡೆಯಲು ನೋಡಬೇಡಿ. ಎರಡಕ್ಕೂ ಕೇಂದ್ರ ಒಪ್ಪಿಗೆ ಕೊಟ್ಟಿದ್ದು 2025-26ರ ಆರ್ಥಿಕ ವರ್ಷದವರೆಗೆ. ಆದ್ದರಿಂದ ಕಾಗದಪತ್ರ ಜೋಡಿಸುವ ಮೊದಲು ಸದ್ಯದ ನಿಯಮವನ್ನು ಆಯಾ ಕಚೇರಿಯಲ್ಲೇ ಕೇಳಿಕೊಳ್ಳಿ.

ಬಹಳ ಜನ ತಪ್ಪು ತಿಳಿಯುವ ವಿಷಯ ಇನ್ನೊಂದಿದೆ. ಸಬ್ಸಿಡಿ ಹಣ ನಿಮ್ಮ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನಲ್ಲೇ ನಿಮ್ಮ ಸಾಲದ ಜೊತೆ ಮೂರು ವರ್ಷ ಕೂತಿರುತ್ತದೆ. ಘಟಕ ನಡೆಯುತ್ತಿದೆ, ಸಾಲ ಸರಿಯಾಗಿ ತೀರುತ್ತಿದೆ ಎಂದು ಖಾತ್ರಿಯಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ನಡುವೆ ಬಾಗಿಲು ಹಾಕಿದರೆ ಸಬ್ಸಿಡಿ ವಾಪಸ್ ಹೋಗುತ್ತದೆ, ಸಾಲ ಪೂರ್ತಿ ನಿಮ್ಮ ತಲೆಯ ಮೇಲೆ.

ಇಷ್ಟು ದೊಡ್ಡ ಯೋಜನೆ ಬೇಡ, ಹೊಲಿಗೆ ಯಂತ್ರವೋ ಸಣ್ಣ ಕ್ಯಾಂಟೀನೋ ಸಾಕು ಎನ್ನುವವರಿಗೆ 2015ರಿಂದ ಕೇಂದ್ರದ ಸಣ್ಣ ಸಾಲದ ಯೋಜನೆ ಮುದ್ರಾ ಇದೆ. ಶಿಶು 50 ಸಾವಿರದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ತರುಣ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೂ ದಾರಿಯಿದೆ. ಇದರಲ್ಲಿ ಸಬ್ಸಿಡಿ ಇಲ್ಲ, ಅಡವೂ ಇಲ್ಲ. ಮಹಿಳೆಯರಿಗೆ ಉದ್ಯೋಗಿನಿ ಯೋಜನೆಯಲ್ಲಿ 3 ಲಕ್ಷದವರೆಗೆ ಸಾಲವಿದ್ದು, ಪರಿಶಿಷ್ಟರಿಗೆ ಶೇ 50, ಉಳಿದವರಿಗೆ ಶೇ 30 ಸಹಾಯಧನ ಸಿಗುತ್ತದೆ. ಕೇಳಬೇಕಾದ್ದು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲಿ. ಆದಾಯ ಮಿತಿ ಇರುವುದರಿಂದ ಆದಾಯ ಪ್ರಮಾಣಪತ್ರ ಜೊತೆಗಿರಲಿ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿರುವ, ಸ್ವಂತ ಜಾಗವಿಲ್ಲದ ಹೆಣ್ಣುಮಕ್ಕಳಿಗೆ ಇದೂ ಸ್ವಸಹಾಯ ಸಂಘವೂ ಎಲ್ಲಕ್ಕಿಂತ ಹತ್ತಿರದ ದಾರಿ.

ಪಹಣಿಯ ಪ್ರಶ್ನೆ

ಇನ್ನು ಕೊಡಗಿನಲ್ಲಿ ಎಷ್ಟೋ ಅರ್ಜಿಗಳು ನಿಂತುಹೋಗುವ ಜಾಗ. ಬ್ಯಾಂಕಿಗೆ ಹೋದ ಕೂಡಲೇ ‘ಪಹಣಿ ತನ್ನಿ, ಅಡವಿಗೆ ಏನಿದೆ?’ ಎಂದು ಕೇಳುತ್ತಾರೆ. ಜಮ್ಮಾ ಬಾಣೆ (ಕೊಡಗಿನ ವಂಶಪಾರಂಪರ್ಯ ಹಿಡುವಳಿ ಜಮೀನು) ಇರುವ ಮನೆಗಳಲ್ಲಿ ಪಹಣಿ ತೆಗೆದರೆ ಅದರಲ್ಲಿ ಯಜಮಾನರಾದ ಪಟ್ಟೇದಾರರದ್ದೂ ಒಕ್ಕದ, ಅಂದರೆ ಮನೆತನದ, ಹಲವರದ್ದೂ ಹೆಸರು. ಅವರಲ್ಲಿ ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಗಡಿಯಲ್ಲಿ, ಇನ್ನೊಬ್ಬರು ವಿದೇಶದಲ್ಲಿ. ತೀರಿಹೋದವರ ಹೆಸರೂ ಹಾಗೇ ಉಳಿದಿರುತ್ತದೆ. ಎಲ್ಲರ ಸಹಿ ತರುವುದು ಆಗದ ಮಾತು. ತೋಟ ಕಣ್ಣೆದುರೇ ಇದೆ, ಅಜ್ಜನ ಕಾಲದಿಂದ ದುಡಿದ ಜಾಗ. ಆದರೂ ಬ್ಯಾಂಕಿನ ಮೇಜಿನ ಮೇಲೆ ಅದು ಆಸ್ತಿಯಾಗಿ ನಿಲ್ಲುವುದಿಲ್ಲ.

ಇಲ್ಲಿ ತಿಳಿದಿರಬೇಕಾದ ಸಂಗತಿ: ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಬ್ಯಾಂಕುಗಳು ಆಸ್ತಿ ಅಡವು ಕೇಳಕೂಡದು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನವೇ ಇದೆ. ಅದಕ್ಕಿಂತ ದೊಡ್ಡ ಸಾಲಕ್ಕೂ ಸಿಜಿಟಿಎಂಎಸ್‌ಇ ಎಂಬ ಖಾತರಿ ನಿಧಿ ಇದೆ. 2000ನೇ ಇಸವಿಯಲ್ಲಿ ಕೇಂದ್ರ ಸರ್ಕಾರ ಮತ್ತು ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕ್ ಆದ ಸಿಡ್ಬಿ ಸೇರಿ ಮಾಡಿದ್ದು. ಸಾಲ ಮುಳುಗಿದರೆ ಬ್ಯಾಂಕಿಗೆ ಆಗುವ ನಷ್ಟದ ದೊಡ್ಡ ಪಾಲನ್ನು ಈ ನಿಧಿ ಭರಿಸುತ್ತದೆ. ಸಾಲಗಾರರ ಸಾಲ ಮಾತ್ರ ಮನ್ನಾ ಆಗುವುದಿಲ್ಲ, ವಸೂಲಿ ಮುಂದುವರಿಯುತ್ತದೆ. ಹಾಗಾಗಿ ಮ್ಯಾನೇಜರ್ ಅಡವಿನ ಮಾತೆತ್ತಿದರೆ ಜಗಳ ಬೇಡ. ‘ಸರ್, ಇದನ್ನು ಸಿಜಿಟಿಎಂಎಸ್‌ಇ ಅಡಿಯಲ್ಲಿ ನೋಡಿ’ ಎಂದು ಸ್ಪಷ್ಟವಾಗಿ ಹೇಳಿ, ಅರ್ಜಿಯಲ್ಲೂ ಬರೆಯಿರಿ. ಆಗುವುದಿಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಅದನ್ನು ಹಿಡಿದುಕೊಂಡು ಮಡಿಕೇರಿಯ ಲೀಡ್ ಬ್ಯಾಂಕ್ ಮ್ಯಾನೇಜರ್ ಅವರನ್ನು ಕಾಣಿ. ಜಿಲ್ಲೆಯ ಎಲ್ಲ ಬ್ಯಾಂಕುಗಳ ಸಾಲ ಯೋಜನೆಯನ್ನು ಹೊಂದಿಸುವ ಅಧಿಕಾರಿ ಅವರು. ನಿಯಮ ಮೀರಿ ಅಡವು ಕೇಳಿದ್ದಾರೆ ಎನಿಸಿದರೆ ಮೊದಲು ಆ ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಸಹಾಯವಾಣಿ 14448.

ಅಡವು ತಪ್ಪಿದರೂ ಘಟಕ ಎಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ. ಕೃಷಿ ಜಮೀನಿನಲ್ಲಿ ಶೆಡ್ ಕಟ್ಟಿ ಉದ್ಯಮ ನಡೆಸಲು ಭೂ ಪರಿವರ್ತನೆ ಬೇಕಾಗಬಹುದು, ಜಂಟಿ ಪಹಣಿ ಇದ್ದರೆ ಅದೂ ತಡವೇ. ಮೊದಲ ಕೆಲವು ವರ್ಷ ಪೇಟೆಯಲ್ಲೋ ರಸ್ತೆ ಬದಿಯಲ್ಲೋ ಪಂಚಾಯಿತಿ ಖಾತೆಯಿರುವ ಕಟ್ಟಡವನ್ನು ಬಾಡಿಗೆಗೆ ಹಿಡಿಯುವುದು ಜಾಣತನ ಎಂದು ನನ್ನ ಅಭಿಪ್ರಾಯ. ಪಿಎಂಇಜಿಪಿಯಲ್ಲಿ ಜಮೀನಿನ ಬೆಲೆಯನ್ನು ಯೋಜನಾ ವೆಚ್ಚಕ್ಕೆ ಸೇರಿಸಲು ಹೇಗೂ ಬರುವುದಿಲ್ಲ. ಕರಾರು ಪತ್ರ ಗಟ್ಟಿಯಾಗಿರಲಿ, ತ್ರೀ ಫೇಸ್ ಕರೆಂಟ್ ಸಿಗುತ್ತದೆಯೇ ಎಂದು ಮುಂಗಡ ಕೊಡುವ ಮೊದಲೇ ವಿದ್ಯುತ್ ಕಂಪನಿ ಸೆಸ್ಕ್‌ನ ಕಚೇರಿಯಲ್ಲಿ ವಿಚಾರಿಸಿ.

ಕಾಗದಗಳು

ಸಣ್ಣ ಉದ್ಯಮವೆಂದು ಕೇಂದ್ರ ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಎಲ್ಲರಿಗೂ ಬೇಕು. 2020ರ ಜುಲೈ 1ರಿಂದ ಆಧಾರ್ ಆಧಾರದ ಮೇಲೆ ಆನ್‌ಲೈನ್‌ನಲ್ಲಿ, ಪೂರ್ತಿ ಉಚಿತವಾಗಿ ನಡೆಯುತ್ತದೆ. ಸರ್ಕಾರಿ ತಾಣದಂತೆಯೇ ಕಾಣುವ ಖಾಸಗಿ ತಾಣಗಳು ಸಾವಿರಾರು ರೂಪಾಯಿ ಕೇಳುತ್ತವೆ. ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇದೆಯೇ ನೋಡಿ. ಮುದ್ರಾಕ್ಕೂ ಏಜೆಂಟರಿಲ್ಲ. ‘ಸಾಲ ಮಂಜೂರಾಗಿದೆ, ಮೊದಲು ಫೀಸ್ ಕಟ್ಟಿ’ ಎಂದು ಫೋನ್ ಬಂದರೆ ಅದು ಮೋಸ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತಿನ್ನುವ, ಕುಡಿಯುವ ಯಾವುದೇ ವಸ್ತುವಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಲೈಸೆನ್ಸ್ ಬೇಕು. ಪ್ಯಾಕೆಟ್ ಮೇಲೆ ತಯಾರಕರ ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ದಿನಾಂಕ, ಗ್ರಾಹಕರು ಸಂಪರ್ಕಿಸಬೇಕಾದ ವಿವರ ಕಡ್ಡಾಯ. ಕಾಫಿಗೆ ಚಿಕೋರಿ ಬೆರೆಸಿದರೆ ಅದರ ಪ್ರಮಾಣವನ್ನು ಮುದ್ರಿಸಬೇಕು, ಚಿಕೋರಿ ಶೇ 49 ಮೀರಬಾರದು. ಮನೆಯಲ್ಲಿ ಮಾಡಿದ ವೈನ್ ಎಷ್ಟೇ ಚೆನ್ನಾಗಿದ್ದರೂ ಅಬಕಾರಿ ಪರವಾನಗಿ ಇಲ್ಲದೆ ಮಾರುವುದು ಅಪರಾಧ. ಹೋಮ್‌ಸ್ಟೇ ನಡೆಸುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಬೇಕು, ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಅಧಿಕಾರಿಗೆ ಸಲ್ಲಿಸಬೇಕು.

ಜಿಎಸ್‌ಟಿಯಲ್ಲಿ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ವಹಿವಾಟಿನವರೆಗೆ ನೋಂದಣಿ ಬೇಡ ಎಂಬುದು ಎಲ್ಲರಿಗೂ ಗೊತ್ತು. ಕೊಡಗಿನವರಿಗೆ ಇದರಲ್ಲಿ ಒಂದು ಎಚ್ಚರಿಕೆ ಇದೆ. ಸರಕು ರಾಜ್ಯದ ಗಡಿ ದಾಟಿದರೆ ಈ ಮಿತಿ ಅನ್ವಯಿಸುವುದಿಲ್ಲ. ವಿರಾಜಪೇಟೆಯಿಂದ ಮಾಕುಟ್ಟ ದಾಟಿ ಕೇರಳದ ಇರಿಟ್ಟಿಯ ಅಂಗಡಿಗೆ ಪುಡಿ ಮಾರಿದರೂ ಮೊದಲೇ ನೋಂದಣಿ ಬೇಕು. ಮೈಸೂರಿಗೆ ಕಳಿಸುವುದಕ್ಕೂ ಕಣ್ಣೂರಿಗೆ ಕಳಿಸುವುದಕ್ಕೂ ಕಾನೂನಿನಲ್ಲಿ ಅಷ್ಟು ಅಂತರವಿದೆ.

ಮಾರಿದ ಮೇಲೆ

ಪುಡಿಯನ್ನು ರೆಸಾರ್ಟ್‌ಗಳು ಕೊಳ್ಳುತ್ತವೆ, ಆದರೆ ಹಣ ಕೊಡುವುದು ಅವರಿಗೆ ಬೇಕಾದಾಗ. ‘ಅಕೌಂಟ್ಸ್‌ನವರು ರಜೆಯಲ್ಲಿದ್ದಾರೆ, ಮುಂದಿನ ವಾರ ಬನ್ನಿ’ ಎಂದು ಹೇಳಿಸಿಕೊಳ್ಳದ ಸಣ್ಣ ಸರಬರಾಜುದಾರರು ಅಪರೂಪ. ನಾಲ್ಕು ತಿಂಗಳ ಬಿಲ್ ಹೀಗೆ ಹೊರಗೆ ನಿಂತರೆ ಲಾಭದಲ್ಲಿರುವ ಘಟಕವೂ ಕಂತು ತಪ್ಪಿಸುತ್ತದೆ. ಉದ್ಯಮ್ ನೋಂದಣಿಯ ನಿಜವಾದ ಬೆಲೆ ಗೊತ್ತಾಗುವುದು ಇಲ್ಲಿ.

2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕು ಪಡೆದವರು ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಇದ್ದರೂ ಅವಧಿ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ದೂರನ್ನು 2017ರಲ್ಲಿ ಬಂದ ‘ಸಮಾಧಾನ್’ ವ್ಯವಸ್ಥೆಯಲ್ಲಿ ಆನ್‌ಲೈನ್‌ನಲ್ಲೇ ಕೊಡಬಹುದು, ಅದು ಇಂಥ ಬಾಕಿ ವಿವಾದ ತೀರಿಸುವ ರಾಜ್ಯದ ಸೌಲಭ್ಯ ಮಂಡಳಿಗೆ ಹೋಗುತ್ತದೆ. ಇದರ ಜೊತೆಗೆ ಆದಾಯ ತೆರಿಗೆ ಕಾನೂನೂ ಬಿಗಿಯಾಗಿದೆ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ, ಅವಧಿಯೊಳಗೆ ಹಣ ಕೊಡದ ಖರೀದಿದಾರರು ಆ ಮೊತ್ತವನ್ನು ಪಾವತಿ ಮಾಡುವ ವರ್ಷದವರೆಗೆ ತಮ್ಮ ಖರ್ಚೆಂದು ತೋರಿಸುವಂತಿಲ್ಲ. ದೂರು ಕೊಡಲು ಮನಸ್ಸಾಗದಿದ್ದರೂ ಈ ಮಾತನ್ನು ಅವರ ಅಕೌಂಟ್ಸ್ ವಿಭಾಗಕ್ಕೆ ನಯವಾಗಿ ನೆನಪಿಸಬಹುದು. ಮಾರ್ಚ್ ಹತ್ತಿರವಾದಂತೆ ಅದಕ್ಕೆ ಬೆಲೆ ಹೆಚ್ಚು.

ಈ ರಕ್ಷಣೆ ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ ಇದೆ, ಬೇರೆಯವರ ಮಾಲನ್ನು ಕೊಂಡು ಮಾರುವ ವ್ಯಾಪಾರಿಗಳಿಗಿಲ್ಲ. 2021ರ ಜುಲೈಯಲ್ಲಿ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿಗೆ ಅವಕಾಶ ಕೊಟ್ಟರೂ, ಅದರ ಉಪಯೋಗ ಆದ್ಯತಾ ವಲಯದ (ಬ್ಯಾಂಕುಗಳು ಕಡ್ಡಾಯವಾಗಿ ಒಂದು ಪಾಲು ಕೊಡಬೇಕಾದ) ಸಾಲಕ್ಕೆ ಮಾತ್ರ. ಹಾಗಾಗಿ ಸ್ವಂತವಾಗಿ ಹುರಿದು ಪುಡಿ ಮಾಡುವವರು ಅರ್ಜಿಯಲ್ಲಿ ‘ತಯಾರಿಕೆ’ ಎಂದೇ ಗುರುತಿಸಬೇಕು, ಅವಸರದಲ್ಲಿ ‘ವ್ಯಾಪಾರ’ ಎಂದು ಒತ್ತಬಾರದು. ನೋಂದಣಿ ಮೊದಲ ಬಿಲ್‌ಗಿಂತ ಮೊದಲೇ ಆಗಿರಲಿ. ಪ್ರತಿ ಬಿಲ್ ಮೇಲೂ ಉದ್ಯಮ್ ಸಂಖ್ಯೆ ಅಚ್ಚಾಗಿರಲಿ. ಸರಕು ಇಳಿಸುವಾಗ ಪಡೆದವರ ಸಹಿ, ಸೀಲು, ದಿನಾಂಕ ಇರುವ ಬಿಲ್‌ನ ಒಂದು ಪ್ರತಿಯನ್ನು ನಿಮ್ಮ ಫೈಲಿನಲ್ಲಿ ಇಟ್ಟುಕೊಳ್ಳಿ. 15 ಅಥವಾ 45 ದಿನದ ಎಣಿಕೆಗೆ ಆ ದಿನಾಂಕವೇ ಆಧಾರ.